ಹಾಡಿನ ಪುಸ್ತಕದಿಂದ ಬರೆದವರ ಹೆಸರನ್ನು ತೆಗೆಯಬಹುದೇ?

ಗಾನವೃಂದದ ಅಕ್ಕ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ ಕಥೋಲಿಕ ಧರ್ಮಕೇಂದ್ರದ (ಚರ್ಚಿನ) ಕನ್ನಡ ಹಾಡಿನ ಪುಸ್ತಕ ಮರುಮುದ್ರಣಕ್ಕೆ ಹೋಗುತ್ತಿದೆ. ಹಳೆಯ ಪುಸ್ತಕದಲ್ಲಿ ಕೆಲವು ಹಾಡುಗಳ ಕೆಳಗಾದರೂ ಬರೆದವರ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. ಮೊನ್ನೆ ಕರಡು ಕೈಗೆ ಬಂತು, ಒಂದು ಹೆಸರೂ ಇಲ್ಲ. ಪ್ರವೇಶ ಗೀತೆ, ಕಾಣಿಕೆ ಗೀತೆ, ಪರಮಪ್ರಸಾದ ಗೀತೆ, ಮಾತೆ ಮರಿಯಳ ಗೀತೆ ಎಂದು ವಿಂಗಡಿಸಿ ಸಂಖ್ಯೆ ಹಾಕಿದ್ದಾರೆ, ಅಷ್ಟೆ. ಪುಸ್ತಕ ಸಮಿತಿಯವರನ್ನು ಕೇಳಿದ್ದಕ್ಕೆ "ಪುಟ ಉಳಿಯುತ್ತದೆ, ಹಾಡುವವರಿಗೆ ಹೆಸರು ಏತಕ್ಕೆ?" ಎಂಬ ಉತ್ತರ ಬಂತು.

ನನಗೆ ಇದನ್ನು ಒಪ್ಪಲಾಗುತ್ತಿಲ್ಲ. ನಮ್ಮ ತಂದೆ ಉಪದೇಶಿಯಾಗಿದ್ದರು, ಅಂದರೆ ಧರ್ಮಪಾಠ ಹೇಳಿಕೊಡುವವರು. ಜಗತ್ತಿನ ಧರ್ಮಾಧ್ಯಕ್ಷರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯ (1962-65) ನಂತರ ಪೂಜೆ ಲ್ಯಾಟಿನ್‌ನಿಂದ ಕನ್ನಡಕ್ಕೆ ಬಂದಾಗ ಹಾಡುಗಳು ಸಾಲದೆ ಗುರುಗಳು, ಸಿಸ್ಟರ್‌ಗಳು, ಉಪದೇಶಿಗಳು ತಾವೇ ಕುಳಿತು ಬರೆದರು. ತಂದೆಯ ನೋಟ್‌ಪುಸ್ತಕ ನನ್ನ ಬಳಿ ಇದೆ. ಒಂದು ಪುಟದ ತಲೆಯಲ್ಲಿ "ಮೋಹನ, ಆದಿ" ಎಂದು ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ. ಚರಣದ ಮೂರನೇ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಬೇರೆ ಸಾಲು ಬರೆದು, ಅದನ್ನೂ ಹೊಡೆದು, ಮೊದಲಿನ ಸಾಲಿನ ಕೆಳಗೇ ಚುಕ್ಕಿಗಳನ್ನಿಟ್ಟು ಉಳಿಸಿಕೊಂಡಿದ್ದಾರೆ. ಆ ಹಾಡು ಹೊಸ ಪುಸ್ತಕದಲ್ಲಿದೆ, ಬರೀ ಒಂದು ಸಂಖ್ಯೆಯಾಗಿ.

ಹೆಸರು ತೆಗೆಯುವುದು ಸರಿಯೇ? ಸರಿಯಲ್ಲ ಎಂದಾದರೆ, ಹಾಡು ಬರೆದವರ ಪಟ್ಟಿಯೊಂದನ್ನು ಸಿದ್ಧಮಾಡಲು ನೆರವಾಗುತ್ತೀರಾ? ಹಳೆಯ ಲ್ಯಾಟಿನ್ ಹಾಡುಗಳಿಂದ ಹಿಡಿದು ನಮ್ಮ ಕನ್ನಡದವರೆಗೆ.

ಶಿವಾಜಿನಗರದವನು:
ಖಂಡಿತ ಸರಿಯಲ್ಲ. ದಾನಿಗಳ ಹೆಸರನ್ನು ಬೆಂಚಿನ ಬೆನ್ನಿಗೆ, ಫ್ಯಾನಿನ ರೆಕ್ಕೆಗೆ ಬರೆಸುತ್ತೇವೆ. ಹಾಡು ಕೊಟ್ಟವರಿಗೆ ಅರ್ಧ ಸಾಲು ಜಾಗ ಸಿಗಬಾರದೇ?

ಜಪಸರ:
ಅಕ್ಕ, ನಿಮ್ಮ ತಂದೆಯವರ ಮೇಲೆ ನನಗೆ ಗೌರವವಿದೆ. ಆದರೂ ನನ್ನ ಅಭಿಪ್ರಾಯ ಬೇರೆ. ದೇವಾಲಯದಲ್ಲಿ ಹಾಡುವುದು ಕಚೇರಿಯಲ್ಲ, ಪ್ರಾರ್ಥನೆ. ಹಾಡು ಸಭೆಯ ಬಾಯಿಗೆ ಬಂದ ಮೇಲೆ ಅದು ಸಭೆಯದು. ಹಿಂದಿನ ಮಠವಾಸಿಗಳು ಎಲ್ಲಿ ಸಹಿ ಹಾಕುತ್ತಿದ್ದರು? ಹೆಸರು ಬೇಕೆನ್ನುವುದು ಈ ಕಾಲದ ಚಪಲ. ಬರೆದವರಿಗೆ ದೇವರೇ ಲೆಕ್ಕ ಇಟ್ಟಿರುತ್ತಾನೆ.

ಹಳೆಯ ಲ್ಯಾಟಿನ್:
ಜಪಸರ ಅವರೇ, ಹಿಂದಿನವರು ಹೆಸರು ಹೇಳುತ್ತಿರಲಿಲ್ಲ ಎಂಬುದು ಚರಿತ್ರೆಗೆ ಹೊಂದುವುದಿಲ್ಲ.

386ರಲ್ಲಿ ಮಿಲಾನಿನಲ್ಲಿ ನಡೆದದ್ದನ್ನು ನೋಡಿ. ಸಾಮ್ರಾಜ್ಞಿ ಜಸ್ಟೀನಾ, ಯೇಸು ತಂದೆದೇವರಿಗೆ ಸಮಾನರಲ್ಲ ಎನ್ನುತ್ತಿದ್ದ ಆರಿಯನ್ ಪಂಥದವರಿಗಾಗಿ ದೇವಾಲಯವೊಂದನ್ನು ಬಿಟ್ಟುಕೊಡಿ ಎಂದು ಧರ್ಮಾಧ್ಯಕ್ಷ ಸಂತ ಅಂಬ್ರೋಸರನ್ನು ಒತ್ತಾಯಿಸಿದಳು. ಜನ ದೇವಾಲಯದೊಳಗೇ ರಾತ್ರಿಯೆಲ್ಲ ಕಾವಲು ಕುಳಿತರು. ಅವರು ದುಃಖದಿಂದ ಬಳಲಬಾರದೆಂದು ಆಗಲೇ ಅಲ್ಲಿ ಕೀರ್ತನೆಗಳನ್ನೂ ಸ್ತುತಿಗೀತೆಗಳನ್ನೂ ಹಾಡಿಸುವ ಪದ್ಧತಿ ಬಂತು. ಇದನ್ನು ಬರೆದಿಟ್ಟವರು ಸಂತ ಅಗಸ್ಟೀನರು, ತಮ್ಮ ಆತ್ಮಕಥನದ ಒಂಬತ್ತನೇ ಸಂಪುಟದಲ್ಲಿ. ಅದೇ ಸಂಪುಟದಲ್ಲಿ ತಾಯಿ ಮೋನಿಕಾ ತೀರಿಹೋದ ಮೇಲಿನ ಒಂದು ಪ್ರಸಂಗವಿದೆ. ಅಗಸ್ಟೀನರು ಮಲಗಿ ಎದ್ದು, ಹಾಸಿಗೆಯಲ್ಲಿ ಒಂಟಿಯಾಗಿರುವಾಗ "ದೇಉಸ್ ಕ್ರೆಆತೋರ್ ಓಮ್ನಿಯುಮ್" ಎಂಬ ಸಂಜೆಯ ಹಾಡು ನೆನಪಾಗುತ್ತದೆ. ಆ ಸಾಲುಗಳನ್ನು ಉದ್ಧರಿಸುವಾಗ ಇವು ಅಂಬ್ರೋಸರವು ಎಂದು ಹೆಸರು ಹಿಡಿದೇ ಹೇಳುತ್ತಾರೆ. ಅಂಬ್ರೋಸರ ಹೆಸರಿನಲ್ಲಿ ಓಡಾಡುವ ಹಾಡುಗಳು ಹಲವಾರು. ಅವುಗಳಲ್ಲಿ ನಿಶ್ಚಯವಾಗಿ ಅವರವೇ ಎಂದು ಎಲ್ಲ ವಿದ್ವಾಂಸರೂ ಒಪ್ಪುವ ಬೆರಳೆಣಿಕೆಯ ಹಾಡುಗಳಿಗೆ ಅಗಸ್ಟೀನರ ಈ ಬಗೆಯ ಮಾತುಗಳೇ ದೊಡ್ಡ ಆಧಾರ.

ಸ್ಪೇನಿನ ಲ್ಯಾಟಿನ್ ಕವಿ ಪ್ರುಡೆನ್ಶಿಯಸ್ ತನ್ನ ಕವಿತೆಗಳಿಗೆ ಮುನ್ನುಡಿ ಬರೆದು, ತನಗೀಗ 57 ವರ್ಷ, ವಕೀಲಿಕೆಯಲ್ಲೂ ಅಧಿಕಾರದಲ್ಲೂ ಬದುಕು ಕಳೆದೆ, ಇನ್ನಾದರೂ ಹಾಡುಗಳಿಂದ ದೇವರನ್ನು ಸ್ತುತಿಸಲಿ ಎಂದು ಹೇಳಿಕೊಳ್ಳುತ್ತಾನೆ. ಇದು ಚಪಲವೇ? ಬದುಕೇ ಹಾಡಾಗಿ ಒಪ್ಪಿಸಿದ ಕಾಣಿಕೆ ಅದು.

ಜಪಸರ:
ಅಂಬ್ರೋಸರು ತಾವೇ ಹೆಸರು ಹಾಕಿಕೊಳ್ಳಲಿಲ್ಲವಲ್ಲ, ಅಗಸ್ಟೀನರು ಹೇಳಿದರು. ನನ್ನ ಮಾತು ಅದೇ.

ಹಳೆಯ ಲ್ಯಾಟಿನ್:
ಅಕ್ಕ ಕೇಳುತ್ತಿರುವುದೂ ಅದನ್ನೇ. ಅವರ ತಂದೆ ಸಹಿ ಹಾಕಲಿಲ್ಲ, ನಾವು ಹೇಳಬೇಕು.

ಬಸವನಗುಡಿ ಮೇಷ್ಟ್ರು:
ನಾನು ಕ್ರೈಸ್ತನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಶಾಲೆಯ ಪ್ರಾರ್ಥನೆಯಲ್ಲಿ "ಕರುಣಾಳು ಬಾ ಬೆಳಕೆ" ಹಾಡದ ಕನ್ನಡಿಗರು ಈ ಊರಿನಲ್ಲಿ ಕಡಿಮೆ. ಮಕ್ಕಳನ್ನು ಕೇಳಿದರೆ ಬಿ.ಎಂ.ಶ್ರೀ. ಎನ್ನುತ್ತಾರೆ, ಸಂತೋಷ. ನಮ್ಮ ಸೆಂಟ್ರಲ್ ಕಾಲೇಜಿನಲ್ಲೂ ಪಾಠ ಹೇಳಿದವರು ಅವರು. ಆದರೆ ಮೂಲ ಇಂಗ್ಲಿಷಿನಲ್ಲಿ ಬರೆದವರು ಜಾನ್ ಹೆನ್ರಿ ನ್ಯೂಮನ್ ಎಂದು ಹೇಳಿದರೆ ಎಷ್ಟೋ ಮಂದಿ ಅಧ್ಯಾಪಕರೇ ಹುಬ್ಬೇರಿಸುತ್ತಾರೆ. ನ್ಯೂಮನ್ ಕಥೋಲಿಕ ಕಾರ್ಡಿನಲ್ ಎಂಬುದಂತೂ ಹಲವರಿಗೆ ಹೊಸ ಸುದ್ದಿ. ಅಕ್ಕ, ನಿಮ್ಮ ಪಟ್ಟಿಯಲ್ಲಿ ಇವರಿಬ್ಬರೂ ಇರಬೇಕು.

ಬೇಗೂರು ರಸ್ತೆ:
ಮೇಷ್ಟ್ರೇ, ಸ್ವಲ್ಪ ತಡೆಯಿರಿ. ನ್ಯೂಮನ್ ಆ ಕವಿತೆ ಬರೆದಾಗ ಕಥೋಲಿಕರಾಗಿರಲಿಲ್ಲ. 1833ರ ಜೂನ್‌ನಲ್ಲಿ ಅವರು ಆಂಗ್ಲಿಕನ್ ಪಾದ್ರಿ. ಸಿಸಿಲಿಯಲ್ಲಿ ಜ್ವರ ಬಂದು ಸಾವಿನ ಬಾಗಿಲಿಗೆ ಹೋಗಿ ಬಂದಿದ್ದರು. ಪಲೆರ್ಮೊದಿಂದ ಮಾರ್ಸೇಲ್ಸ್‌ಗೆ ಕಿತ್ತಳೆ ಹೇರಿಕೊಂಡು ಹೋಗುತ್ತಿದ್ದ ಹಾಯಿದೋಣಿ ಹತ್ತಿದರು. ಬೊನಿಫಾಸಿಯೊ ಜಲಸಂಧಿಯಲ್ಲಿ ಗಾಳಿ ನಿಂತುಹೋಯಿತು, ದೋಣಿ ಅಲುಗಾಡದೆ ಸಮುದ್ರದ ಮಧ್ಯೆ ನಿಂತಿತು. ಕವಿತೆ ಹುಟ್ಟಿದ್ದು ಆಗ. ಕಥೋಲಿಕ ಸಭೆಗೆ ಬಂದದ್ದು 1845ರಲ್ಲಿ, ಕಾರ್ಡಿನಲ್ ಆದದ್ದು 1879ರಲ್ಲಿ, ಸಂತರೆಂದು ಘೋಷಿತರಾದದ್ದು 2019ರಲ್ಲಿ. ಆದ್ದರಿಂದ ಇದನ್ನು ಕಥೋಲಿಕ ಗೀತೆ ಎನ್ನುವುದು ನನಗೆ ಸರಿಕಾಣದು.

ಬಸವನಗುಡಿ ಮೇಷ್ಟ್ರು:
ಬರೆದ ದಿನಾಂಕ ನೋಡಿ ಜಾತಿ ಹಚ್ಚಬೇಕೇ ಸ್ವಾಮಿ? ಗಾಂಧೀಜಿಗೆ ಪ್ರಿಯವಾಗಿದ್ದ ಹಾಡು, ಅವರ ಆಶ್ರಮದಲ್ಲಿ ಹಾಡುತ್ತಿದ್ದರು. ದೂರದ್ದು ಕಾಣದಿದ್ದರೂ ಸರಿ, ಮುಂದಿನ ಒಂದು ಹೆಜ್ಜೆ ಸಾಕು ಎಂದ ನ್ಯೂಮನ್ ಹನ್ನೆರಡು ವರ್ಷ ಹೆಜ್ಜೆ ಹೆಜ್ಜೆಯಾಗಿಯೇ ನಡೆದು ಕಥೋಲಿಕ ಸಭೆಗೆ ಮುಟ್ಟಿದ. ಆಕ್ಸ್‌ಫರ್ಡಿನ ಸ್ಥಾನ, ಗೆಳೆಯರು, ಎಲ್ಲವನ್ನೂ ಬಿಟ್ಟು ಹೋದ ಬಾಳು ಅದು. ಕವಿಯ ಜೀವನ ತಿಳಿದು ಹಾಡಿದಾಗ ಆ ಸಾಲಿಗೆ ಎಷ್ಟು ತೂಕ ಬರುತ್ತದೆ ನೋಡಿ.

ಬೇಗೂರು ರಸ್ತೆ:
ತೂಕ ಬರುತ್ತದೆ, ಒಪ್ಪಿದೆ. ಪಟ್ಟಿಯಲ್ಲಿ "ರಚನೆ 1833" ಎಂದು ವರ್ಷ ಹಾಕಿ. ಆಗ ಯಾರಿಗೂ ಗೊಂದಲ ಇರುವುದಿಲ್ಲ.

ಕೀಬೋರ್ಡ್ ಹುಡುಗ:
ನಮ್ಮ ಚರ್ಚಿನಲ್ಲಿ ಈ ಹಾಡನ್ನು ಇಂಗ್ಲಿಷ್ ಪೂಜೆಯವರು ಹಾಡುತ್ತಾರೆ, ಕನ್ನಡ ಪೂಜೆಯವರು ಹಾಡುವುದಿಲ್ಲ! ಬಿ.ಎಂ.ಶ್ರೀ. ಕನ್ನಡಕ್ಕೆ ತಂದುಕೊಟ್ಟ ಮೇಲೂ ನಮಗೆ ಅದು ಶಾಲೆಯ ಹಾಡಾಗಿಯೇ ಉಳಿದಿದೆ. ಶುಭ ಶುಕ್ರವಾರದ ರಾತ್ರಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ.

ತ್ರಿಶೂರಿನ ಸೊಸೆ:
ನಾನು ಮದುವೆಯಾಗಿ ಕೇರಳದ ಸಿರೋ ಮಲಬಾರ್ (ಸಿರಿಯಕ್ ಪರಂಪರೆಯ ಕಥೋಲಿಕ) ಕುಟುಂಬಕ್ಕೆ ಹೋದವಳು, ಈಗ ನಾವು ಕೆ.ಆರ್.ಪುರದಲ್ಲಿದ್ದೇವೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬಂದರೆ ಅತ್ತೆ "ಪುತ್ತನ್ ಪಾನ" ಎಂಬ ಮಲಯಾಳ ಕಾವ್ಯ ಓದುತ್ತಾರೆ, ಓದುವುದೆಂದರೆ ರಾಗವಾಗಿ ಹಾಡುವುದು. ಬರೆದವರು ಅರ್ಣೋಸ್ ಪಾದ್ರಿ. ಜರ್ಮನಿಯಿಂದ ಬಂದ ಜೆಸ್ವಿಟ್ (ಯೇಸುಸಭೆಯ) ಸನ್ಯಾಸಿ, ಮೂಲ ಹೆಸರು ಯೋಹಾನ್ ಎರ್ನ್‌ಸ್ಟ್ ಹಾಂಕ್ಸ್‌ಲೇಡನ್. ಸಂಸ್ಕೃತವನ್ನೂ ಮಲಯಾಳವನ್ನೂ ಕಲಿತು, ಅಲ್ಲಿನ ಜನರ ಛಂದಸ್ಸಿನಲ್ಲೇ ಯೇಸುವಿನ ಚರಿತ್ರೆಯನ್ನು ಹಾಡಾಗಿಸಿದರು. 1732ರಲ್ಲಿ ಪಳುವಿಲ್ ಎಂಬಲ್ಲಿ ಹಾವು ಕಚ್ಚಿ ತೀರಿಕೊಂಡರು. ಹನ್ನೆರಡನೇ ಪಾದದಲ್ಲಿ ಮಗನ ಶವದ ಮುಂದೆ ಮರಿಯಮ್ಮ ಗೋಳಾಡುವ ಭಾಗವಿದೆ. ಅತ್ತೆ ಅದನ್ನು ಹಾಡುವಾಗ ಪ್ರತಿ ವರ್ಷವೂ ಧ್ವನಿ ಕಟ್ಟಿಹೋಗುತ್ತದೆ.

ಅಲ್ಲಿ ಆ ಹೆಸರನ್ನು ಮಕ್ಕಳೂ ಬಲ್ಲರು. ಕನ್ನಡದಲ್ಲಿ ಹಾಡು ಬರೆದ ಒಬ್ಬ ಗುರುವಿನ ಹೆಸರು ಹೇಳಿ ಎಂದರೆ ನಮ್ಮ ಮಕ್ಕಳು ಏನು ಹೇಳುತ್ತಾರೆ? ನನಗೆ ಇದು ನೋವಿನ ಸಂಗತಿ.

ಹಳೆಯ ಲ್ಯಾಟಿನ್:
ಅಮ್ಮಾ, ನಿಮ್ಮ ಮನೆಯವರ ಸಿರಿಯಕ್ ಪರಂಪರೆಯಲ್ಲಿ ಇನ್ನೊಬ್ಬ ಮಹಾಕವಿ ಇದ್ದಾರೆ, ಸಂತ ಎಫ್ರೇಮ್. ನಾಲ್ಕನೇ ಶತಮಾನದವರು, ಗುರುಪಟ್ಟ ಪಡೆಯದ ಡೀಕನ್. ಸ್ತ್ರೀಯರ ಗಾಯನವೃಂದಗಳಿಗೆಂದೇ ಹಾಡು ಬರೆದು ಕಲಿಸಿದವರು. 373ರಲ್ಲಿ ಎಡೆಸ್ಸಾದಲ್ಲಿ ತೀರಿಕೊಂಡರು. ಅವರ ಹೆಸರೂ ಬೇಕು.

ಆಲ್ಟೊ ಧ್ವನಿ:
ಸ್ತ್ರೀಯರ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಇದುವರೆಗಿನ ಪಟ್ಟಿಯಲ್ಲಿ ಒಬ್ಬಳೂ ಹೆಂಗಸಿಲ್ಲ.

ಪರಮಪ್ರಸಾದದ ಹಬ್ಬದ ಹಾಡುಗಳೆಂದರೆ ಎಲ್ಲರೂ ಸಂತ ತೋಮಸ್ ಅಕ್ವಿನಾಸರ ಹೆಸರು ಹೇಳುತ್ತಾರೆ. 1264ರಲ್ಲಿ ಪೋಪ್ ನಾಲ್ಕನೇ ಅರ್ಬನ್ ಈ ಹಬ್ಬವನ್ನು ಇಡೀ ಸಭೆಗೆ ವಿಸ್ತರಿಸಿದಾಗಿನ ಹಾಡುಗಳು ಅವು. ಆರಾಧನೆಯ ಕೊನೆಗೆ ನಾವು ಹಾಡುವ "ತಾಂತುಮ್ ಎರ್ಗೊ" ಅವುಗಳಲ್ಲಿ ಒಂದರ ಕೊನೆಯ ಎರಡು ಪದ್ಯ. ಆದರೆ ಆ ಹಬ್ಬವೇ ಬೇಕೆಂದು ಹಠ ಹಿಡಿದವಳು ಲಿಯೇಜ್‌ನ ಜೂಲಿಯಾನಾ ಎಂಬ ಕನ್ಯಾಸ್ತ್ರೀ. ತೋಮಸರಿಗಿಂತ ಮೊದಲೇ, ಜಾನ್ ಎಂಬ ಯುವ ಸನ್ಯಾಸಿಯ ಜತೆ ಸೇರಿ ಆ ಹಬ್ಬಕ್ಕೊಂದು ಪ್ರಾರ್ಥನಾವಿಧಿಯನ್ನು ಹಾಡುಗಳ ಸಮೇತ ಸಿದ್ಧಪಡಿಸಿದ್ದಳು. ತನ್ನ ಮಠದಿಂದಲೇ ಹೊರದೂಡಿಸಿಕೊಂಡು 1258ರಲ್ಲಿ ತೀರಿಕೊಂಡಳು. ಹಬ್ಬ ಎಲ್ಲ ಕಡೆ ಬಂದದ್ದನ್ನು ಅವಳು ನೋಡಲಿಲ್ಲ.

ಬಿಂಗೆನ್‌ನ ಹಿಲ್ಡೆಗಾರ್ಡ್ ಹನ್ನೆರಡನೇ ಶತಮಾನದಲ್ಲಿ ಸಾಹಿತ್ಯ, ಸ್ವರ ಎರಡನ್ನೂ ತಾನೇ ರಚಿಸಿದಳು. ಅವಳನ್ನು ಸಭೆಯ ಪಂಡಿತೆಯೆಂದು ಘೋಷಿಸಿದ್ದು 2012ರಲ್ಲಿ. ನಮ್ಮ ಕಾಲಕ್ಕೆ ಬಂದರೆ, ನಾನೇ ಜೀವದ ರೊಟ್ಟಿ ಎಂಬ ಯೋವಾನ್ನನ ಸುವಾರ್ತೆಯ ಮಾತಿನ ಮೇಲೆ 1966ರಲ್ಲಿ ಕ್ಯಾಲಿಫೋರ್ನಿಯಾದ ಸಿಸ್ಟರ್ ಸುಜಾನ್ ಟೂಲನ್ ಒಂದು ಹಾಡು ಬರೆದರು. ಹಿಡಿಸದೆ ಹರಿದು ಕಸದ ಬುಟ್ಟಿಗೆ ಹಾಕಿದ್ದರಂತೆ. ಪಕ್ಕದ ಕೋಣೆಯಲ್ಲಿದ್ದ ಹುಡುಗಿಯೊಬ್ಬಳು ಬಂದು ಅದು ಎಷ್ಟು ಸುಂದರ ಎಂದದ್ದರಿಂದ ಮತ್ತೆ ಎತ್ತಿಕೊಂಡರು. ನಮ್ಮ ಇಂಗ್ಲಿಷ್ ವೃಂದ ಮಣ್ಣು ಕಾರ್ಯದಲ್ಲಿ ಅದನ್ನು ಹಾಡುತ್ತದೆ.

ಶಿವಾಜಿನಗರದವನು:
ಈ ಕೊನೆಯ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಪೂಜೆ ಮುಗಿದ ಮೇಲೆ ನಮ್ಮ ಹುಡುಗರಿಗೆ ಹೇಳುತ್ತೇನೆ.

ಜಪಸರ:
ಒಂದು ಅಪಾಯವನ್ನು ಯಾರೂ ಹೇಳುತ್ತಿಲ್ಲ, ತಪ್ಪು ಹೆಸರು. "ನಿನ್ನ ಶಾಂತಿಯ ಸಾಧನವನ್ನಾಗಿ ಮಾಡು" ಎಂಬ ಪ್ರಾರ್ಥನೆಯ ಕೆಳಗೆ ಎಲ್ಲ ಪುಸ್ತಕಗಳೂ ಸಂತ ಫ್ರಾನ್ಸಿಸ್ ಅಸ್ಸಿಸಿ ಎಂದೇ ಹಾಕುತ್ತವೆ. ಅದು ಮೊದಲು ಅಚ್ಚಾದದ್ದು 1912ರಲ್ಲಿ, ಫ್ರಾನ್ಸಿನ ಒಂದು ಪುಟ್ಟ ಭಕ್ತಿಪತ್ರಿಕೆಯಲ್ಲಿ, ಲೇಖಕರ ಹೆಸರಿಲ್ಲದೆ. ಫ್ರಾನ್ಸಿಸರು ತೀರಿಕೊಂಡದ್ದು 1226ರಲ್ಲಿ. ಮಾತೆ ಮರಿಯಳ ಲ್ಯಾಟಿನ್ ಸ್ತುತಿ "ಸಾಲ್ವೆ ರೆಜಿನಾ" ರೈಹೆನಾವ್ ಮಠದ ಹೆರ್ಮಾನರದು ಎಂದು ಹೇಳುತ್ತಾರೆ, ಅದಕ್ಕೂ ಗಟ್ಟಿ ಆಧಾರವಿಲ್ಲ. ಸುಳ್ಳು ಹೆಸರು ಹಾಕುವುದಕ್ಕಿಂತ ಬಿಡುವುದು ಮೇಲಲ್ಲವೇ?

ಹಳೆಯ ಲ್ಯಾಟಿನ್:
ಇದು ತೂಕದ ಮಾತು, ಒಪ್ಪುತ್ತೇನೆ. ಅದಕ್ಕೆ ಮದ್ದು "ಪರಂಪರೆಯ ಪ್ರಕಾರ" ಎಂದು ಸೇರಿಸುವುದು. ಹೆರ್ಮಾನರನ್ನಂತೂ ನಾನು ಬಿಡಲಾರೆ. ನಡೆಯಲಾಗದೆ, ಸರಿಯಾಗಿ ಮಾತಾಡಲೂ ಆಗದೆ, ಕುರ್ಚಿಯಲ್ಲೇ ಹೊತ್ತೊಯ್ಯಬೇಕಾಗಿದ್ದ ಮನುಷ್ಯ. ಗಣಿತ, ಖಗೋಳ, ಚರಿತ್ರೆ, ಸಂಗೀತ ಎಲ್ಲದರಲ್ಲೂ ಬರೆದು 1054ರಲ್ಲಿ ತೀರಿಕೊಂಡರು.

ಶಿಲುಬೆ ಹಾದಿಯಲ್ಲಿ ಒಂದು ಸ್ಥಳದಿಂದ ಇನ್ನೊಂದಕ್ಕೆ ಹೋಗುವಾಗ ಹಾಡುವ "ಸ್ತಾಬಾತ್ ಮಾತೆರ್" ಕೂಡ ಹೀಗೆಯೇ. ತೋದಿ ಊರಿನ ಯಾಕೊಪೋನೆಯದು ಎನ್ನುತ್ತಾರೆ, ಖಚಿತವಿಲ್ಲ. ಆತ ವಕೀಲ. ಔತಣಕೂಟವೊಂದರಲ್ಲಿ ಅಟ್ಟ ಕುಸಿದು ಹೆಂಡತಿ ಸತ್ತಳೆಂದೂ, ಅವಳ ರೇಷ್ಮೆಯುಡುಗೆಯ ಒಳಗೆ ತಪಸ್ಸಿನ ಒರಟು ಬಟ್ಟೆ ಕಂಡು ಅವನ ಬದುಕೇ ತಿರುಗಿತೆಂದೂ ಪ್ರತೀತಿ. ಮುಂದೆ ಫ್ರಾನ್ಸಿಸ್ಕನ್ ಸೋದರನಾಗಿ, ಪೋಪ್ ಎಂಟನೇ ಬೊನಿಫಾಸರನ್ನು ಎದುರುಹಾಕಿಕೊಂಡು, ಸೆರೆಮನೆಯಲ್ಲಿ ಕುಳಿತೂ ಕವಿತೆ ಬರೆದ.

ಕೀಬೋರ್ಡ್ ಹುಡುಗ:
ನಮ್ಮಲ್ಲಿ ಆ ಹಾಡನ್ನು ಎಷ್ಟು ನಿಧಾನ ಎಳೆಯುತ್ತಾರೆಂದರೆ ಹನ್ನೆರಡನೇ ಸ್ಥಳಕ್ಕೆ ಬರುವಾಗ ಶ್ರುತಿ ಅರ್ಧ ಮನೆ ಇಳಿದಿರುತ್ತದೆ. ಯಾರಾದರೂ ಶ್ರುತಿಪೆಟ್ಟಿಗೆ ಜತೆಗೆ ಒಯ್ಯುತ್ತೀರಾ? ಮೈಕಿನವರು ಮುಂದೆ, ಜನ ಹಿಂದೆ, ತಾಳವೇ ಕೂಡುವುದಿಲ್ಲ.

ಬೇಗೂರು ರಸ್ತೆ:
ಮೊಬೈಲಿನಲ್ಲೇ ತಂಬೂರಿ ಸಿಗುತ್ತದೆ. ಮೈಕಿನ ಪಕ್ಕ ಹಿಡಿದರೆ ಸಾಕು. ವಿಷಯಕ್ಕೆ ಬನ್ನಿ.

ಆಲ್ಟೊ ಧ್ವನಿ:
ಹೆಸರು ಹಾಕದೆ ಬಿಟ್ಟರೆ ಎಷ್ಟು ಬೇಗ ಮರೆಯಾಗುತ್ತದೆ ಎಂಬುದಕ್ಕೆ ಎಲ್ಲರಿಗೂ ಗೊತ್ತಿರುವ ಹಾಡನ್ನೇ ತೆಗೆದುಕೊಳ್ಳಿ, ಕ್ರಿಸ್ಮಸ್ ರಾತ್ರಿಯ "ಸೈಲೆಂಟ್ ನೈಟ್". ಬರೆದವರು ಜೋಸೆಫ್ ಮೋರ್, ಆಸ್ಟ್ರಿಯಾದ ಬಡ ಸಹಾಯಕ ಗುರು. ಮದುವೆಯಿಲ್ಲದೆ ಹುಟ್ಟಿದ ಮಗುವೆಂಬ ಕಳಂಕ ಹೊತ್ತು ಬೆಳೆದವರು. 1818ರ ಡಿಸೆಂಬರ್ 24ರಂದು ಓಬರ್ನ್‌ಡೋರ್ಫ್‌ನಲ್ಲಿ ತಮ್ಮ ಕವಿತೆಯನ್ನು ಶಾಲಾ ಮೇಷ್ಟ್ರು ಫ್ರಾನ್ಸ್ ಗ್ರೂಬರ್ ಅವರ ಕೈಗಿತ್ತು ರಾಗ ಹಾಕಿಸಿದರು. ಅದೇ ರಾತ್ರಿ ಮೋರ್ ಗಿಟಾರ್ ನುಡಿಸುತ್ತ, ಇಬ್ಬರೂ ಸೇರಿ ಹಾಡಿದರು. ಹಾಡು ಊರೂರು ಸುತ್ತಿತು, ಕಡಲು ದಾಟಿತು, ಹೆಸರುಗಳು ಮಾತ್ರ ಹಿಂದೆಯೇ ಉಳಿದವು. ಮೋರ್ 1848ರಲ್ಲಿ ತೀರಿಕೊಂಡರು. 1854ರ ಹೊತ್ತಿಗೆ ಬರ್ಲಿನ್ನಿನ ಅರಮನೆಯ ಸಂಗೀತಗಾರರಿಗೆ ಇದು ಮೈಕೆಲ್ ಹೈಡನ್ ಕೃತಿಯಿರಬೇಕು ಎಂಬ ಅನುಮಾನ! ಅವರು ವಿಚಾರಿಸಿದಾಗ, ಇನ್ನೂ ಬದುಕಿದ್ದ ಗ್ರೂಬರ್ ಹಾಡು ಹುಟ್ಟಿದ ಬಗೆಯನ್ನು ತಮ್ಮ ಕೈಯಾರೆ ಬರೆದುಕೊಟ್ಟರು. ಮೋರ್ ಅವರ ಹಸ್ತಪ್ರತಿಯೊಂದು ಸಿಕ್ಕಿದ್ದು 1995ರಲ್ಲಿ. ಅದರಿಂದ ಸಾಹಿತ್ಯ 1816ರಲ್ಲೇ ಬರೆದದ್ದು ಎಂದು ತಿಳಿಯಿತು.

ಮೂವತ್ತಾರು ವರ್ಷಗಳಲ್ಲಿ ಲೋಕಪ್ರಸಿದ್ಧ ಹಾಡಿನ ಕರ್ತೃವೇ ಅನುಮಾನಕ್ಕೆ ಬಿದ್ದರು. ನಮ್ಮ ಕನ್ನಡದ ಹಾಡುಗಳಿಗೆ ಈಗ ಐವತ್ತು ದಾಟಿದೆ. ಬರೆದವರಲ್ಲಿ ಕೆಲವರು ವೃದ್ಧಾಶ್ರಮಗಳಲ್ಲಿ, ಕಾನ್ವೆಂಟುಗಳಲ್ಲಿ ಇನ್ನೂ ಇದ್ದಾರೆ. ಈಗ ಕೇಳದಿದ್ದರೆ ಇನ್ನು ಯಾವಾಗ ಕೇಳುವುದು?

ಗಾನವೃಂದದ ಅಕ್ಕ:
ನೀವು ಹೇಳಿದ ಈ ಮಾತೇ ನನ್ನ ನಿದ್ದೆ ಕೆಡಿಸಿರುವುದು. ಪರಿಚಯದ ಹಿರಿಯ ಸಿಸ್ಟರ್ ಒಬ್ಬರಿಗೆ ಈಗ ಕಣ್ಣು ಮಂಜು. ಸೆಪ್ಟೆಂಬರ್ 8ರ ಮಾತೆಯ ಹಬ್ಬದಲ್ಲಿ ಅವರದೇ ಹಾಡನ್ನು ಹುಡುಗರು ಹಾಡುತ್ತಿದ್ದರು, ಎರಡನೇ ಚರಣದಲ್ಲಿ ಎರಡು ಸಾಲು ಹಿಂದುಮುಂದಾಗಿತ್ತು. ಪಕ್ಕದಲ್ಲಿ ಕುಳಿತಿದ್ದ ನನ್ನ ಕೈ ಹಿಡಿದು, ಹಾಡಿನ ಜತೆಗೇ ಸರಿಯಾದ ಕ್ರಮದಲ್ಲಿ ಹೇಳಿದರು. ಯಾರ ಹಾಡೆಂದು ವೃಂದದವರಿಗೆ ತಿಳಿದಿರಲಿಲ್ಲ, ತಿಳಿದಿದ್ದರೆ ಅವರನ್ನೇ ಕೇಳಿ ತಿದ್ದಿಕೊಳ್ಳುತ್ತಿದ್ದರು.

ಬೇಗೂರು ರಸ್ತೆ:
ಸಾಲು ಬದಲಿಸುವುದು ಹಳೆಯ ರೋಗ. 1632ರಲ್ಲಿ ಪೋಪ್ ಎಂಟನೇ ಅರ್ಬನ್ ಕಾಲದಲ್ಲಿ, ಹಳೆಯ ಹಾಡುಗಳ ಲ್ಯಾಟಿನ್ ಒರಟಾಯಿತೆಂದು ನೂರಾರು ಸಾಲುಗಳನ್ನು ತಿದ್ದಿಸಿದರು. ಭಾಷೆ ಬಂತು, ಭಕ್ತಿ ಹೋಯಿತು ಎಂದು ಆಗಲೇ ಜನ ಆಡಿಕೊಂಡರು. ಎರಡನೇ ವ್ಯಾಟಿಕನ್ ನಂತರ ಹಳೆಯ ಪಾಠಗಳತ್ತಲೇ ಮರಳಬೇಕಾಯಿತು. ಬರೆದವರು ಯಾರು, ಮೂಲ ಪಾಠ ಯಾವುದು ಎಂಬುದು ಗೊತ್ತಿದ್ದದ್ದರಿಂದ ಅದು ಸಾಧ್ಯವಾಯಿತು.

ತ್ರಿಶೂರಿನ ಸೊಸೆ:
ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯರನ್ನು ಯಾರೂ ನೆನೆಯಲಿಲ್ಲವಲ್ಲ! "ವಂದೇ ಸಚ್ಚಿದಾನಂದಂ" ಅವರದು, 1898ರಲ್ಲಿ ಪ್ರಕಟವಾದದ್ದು. ತ್ರಿತ್ವವನ್ನು ಶುದ್ಧ ಸಂಸ್ಕೃತದಲ್ಲಿ ಸ್ತುತಿಸಿದ ಹಾಡು, ಕರ್ನಾಟಕ ರಾಗದಲ್ಲಿ ಹಾಡಿದರೂ ಹಿತವಾಗಿ ಕೂರುತ್ತದೆ. ಕಾವಿ ಉಟ್ಟು ಓಡಾಡಿದ ಕಥೋಲಿಕ. ಬ್ರಿಟಿಷರ ವಿರುದ್ಧ ಬರೆದದ್ದಕ್ಕೆ ರಾಜದ್ರೋಹದ ಮೊಕದ್ದಮೆ ನಡೆಯುತ್ತಿರುವಾಗಲೇ 1907ರಲ್ಲಿ ತೀರಿಕೊಂಡರು.

ಬಸವನಗುಡಿ ಮೇಷ್ಟ್ರು:
ಇವರ ಬಗ್ಗೆ ಇನ್ನಷ್ಟು ಬರೆಯಿರಿ ತಾಯಿ. ಪ್ರತ್ಯೇಕ ಚರ್ಚೆಗೇ ಯೋಗ್ಯ.

ಬಳ್ಳಾರಿ ರಸ್ತೆ ವಕೀಲ:
ಕಾನೂನಿನ ಕಡೆಯಿಂದ ಒಂದು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಕವಿ ಬದುಕಿರುವವರೆಗೆ ಮತ್ತು ಅನಂತರ 60 ವರ್ಷ ಹಕ್ಕು ಇರುತ್ತದೆ. ನ್ಯೂಮನ್, ಬಿ.ಎಂ.ಶ್ರೀ. ಇಬ್ಬರದೂ ಮುಗಿದಿದೆ, ತೋಮಸರ ಮಾತೇ ಬೇಡ. ಆದರೆ 1970ರ ದಶಕದ ಕನ್ನಡ ಹಾಡುಗಳಿಗೆ ಹಕ್ಕು ಇನ್ನೂ ಇದೆ. ಪೂಜೆಯಲ್ಲಿ ಹಾಡಲು ಯಾರ ಅಪ್ಪಣೆಯೂ ಬೇಡ, ಧಾರ್ಮಿಕ ವಿಧಿಗೆ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಪುಸ್ತಕವಾಗಿ ಅಚ್ಚು ಹಾಕುವುದು ಬೇರೆ ಸಂಗತಿ, ಅದಕ್ಕೆ ಒಪ್ಪಿಗೆ ಬೇಕು. ಇನ್ನು 57ನೇ ಸೆಕ್ಷನ್ ಪ್ರಕಾರ, ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟಿದ್ದರೂ "ಇದು ನನ್ನ ಕೃತಿ" ಎನ್ನುವ ಅಧಿಕಾರ ಕವಿಗೆ ಉಳಿಯುತ್ತದೆ. ಕವಿಯ ನಂತರ ವಾರಸುದಾರರೂ ಅದನ್ನು ಕೇಳಬಹುದು. ಅಕ್ಕ, ಸಮಿತಿಯವರ ಜತೆ ಜಗಳ ಬೇಡ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ವಿನಯದಿಂದ ಕೊಡಿ, ಪ್ರತಿ ಇಟ್ಟುಕೊಳ್ಳಿ.

ಜಪಸರ:
ಕಾಯ್ದೆಯ ಮಾತು ದೇವಾಲಯದೊಳಗೆ ಬರುವುದು ನನಗೆ ಇಷ್ಟವಿಲ್ಲ. ಸಿಸ್ಟರ್ ಅವರ ಸಂಗತಿ ಮಾತ್ರ ಮನಸ್ಸಿಗೆ ತಟ್ಟಿತು. ಹಾಡಿನ ಕೆಳಗೆ ಬೇಡ, ಹಾಡುವಾಗ ಕಣ್ಣು ಹೆಸರಿನ ಮೇಲೆ ಹೋಗಬಾರದು. ಪುಸ್ತಕದ ಕೊನೆಯಲ್ಲಿ ಸಂಖ್ಯೆಯ ಪ್ರಕಾರ ಪಟ್ಟಿ ಕೊಟ್ಟರೆ ನನ್ನ ವಿರೋಧವಿಲ್ಲ.

ಶಿವಾಜಿನಗರದವನು:
ಕೊನೆಯ ಪುಟ ತಿರುವುವವರು ಯಾರು? ಹಾಡಿನ ಕೆಳಗೇ ಇರಬೇಕು.

ಜಪಸರ:
ಅದಕ್ಕೆ ನಾನು ಒಪ್ಪುವುದಿಲ್ಲ.

ಗಾನವೃಂದದ ಅಕ್ಕ:
ಮೊದಲು ಪಟ್ಟಿ ಸಿದ್ಧವಾಗಲಿ, ಜಾಗದ ಮಾತು ಆಮೇಲೆ. ಬರುವ ಭಾನುವಾರ ಕನ್ನಡ ಪೂಜೆಯ ನಂತರ ಸಮಿತಿ ಸೇರುತ್ತದೆ, ವಕೀಲರು ಹೇಳಿದ ಹಾಳೆಯನ್ನೂ ಒಯ್ಯುತ್ತೇನೆ. ಅಷ್ಟರೊಳಗೆ ನಿಮ್ಮ ನಿಮ್ಮ ಧರ್ಮಕೇಂದ್ರಗಳ ಹಳೆಯ ಸೈಕ್ಲೋಸ್ಟೈಲ್ ಹಾಳೆಗಳಲ್ಲಿ ಯಾರ ಹೆಸರು ಕಂಡರೂ ಹಾಡಿನ ಮೊದಲ ಸಾಲಿನೊಂದಿಗೆ ಕಳುಹಿಸಿ. ಹಿರಿಯ ಗುರುಗಳು, ಸಿಸ್ಟರ್‌ಗಳು ಇದ್ದಲ್ಲಿಗೆ ಹೋಗಿ ಕೇಳಬಲ್ಲವರು ಯಾರಿದ್ದೀರಿ?

ಆಲ್ಟೊ ಧ್ವನಿ:
ನಾನು ಹೋಗುತ್ತೇನೆ. ನಿಮ್ಮ ಸಿಸ್ಟರ್ ಬಳಿಗೆ ನನ್ನನ್ನೂ ಕರೆದುಕೊಂಡು ಹೋಗಿ, ಧ್ವನಿ ಮುದ್ರಿಸಿಕೊಳ್ಳೋಣ.

ಕೀಬೋರ್ಡ್ ಹುಡುಗ:
ರಾಗ ಹಾಕಿದವರ ಹೆಸರಿಗೂ ಒಂದು ಕಲಂ ಇರಲಿ, ರಾಗ ತಾಳಕ್ಕೆ ಇನ್ನೊಂದು. ಹಳೆಯ ಕಡತ "ನುಡಿ" ತಂತ್ರಾಂಶದಲ್ಲಿದ್ದರೆ ಕಳುಹಿಸಿ, ಯುನಿಕೋಡ್‌ಗೆ ಬದಲಿಸಿ ಶನಿವಾರದೊಳಗೆ ಕೊಡುತ್ತೇನೆ.